ಸಪ್ಪಳ ಮಾಡದ ಢೋಲು

ಮಧುಕರ ಹೊಸಮನಿ ಸೊಸೈಟಿಯ ಮೀಟಿಂಗಿನಲ್ಲಿ ನಿದ್ದೆ ಮಾಡಿದ್ದು ತಪ್ಪಲ್ಲ. ನಡುವೆ ಎಚ್ಚರಾದದ್ದು ತಪ್ಪು.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಮೀಟಿಂಗ್ ಇಟ್ಟರೆ ಮರ್ಯಾದಸ್ಥನಾದವನು ಮತ್ತೇನು ಮಾಡಬೇಕು? ಪುಣೆಯ ಸದಾಶಿವ ಪೇಠೆಯ ಹಳೆಯ ವಾಡೆಯೊಂದನ್ನು ಕೆಡವಿ ಕಟ್ಟಿದ ಆ ಕಟ್ಟಡದಲ್ಲಿ ಅರ್ಧ ಮರಾಠಿ ಸಂಸಾರಗಳು, ಅರ್ಧ ಧಾರವಾಡ-ಬೆಳಗಾವಿ ಕಡೆಯ ಸಂಸಾರಗಳು. ಎಲ್ಲರೂ ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗಣಪತಿ ಹಬ್ಬದ ವಿಷಯ ಮಾತಾಡುತ್ತಿದ್ದರು. ಹೊಸಮನಿ ಹಿಂದಿನ ಸಾಲಿನಲ್ಲಿ ಕಂಬಕ್ಕೊರಗಿ, ಬಾಯಿ ಅರ್ಧ ತೆರೆದು, ಜಗತ್ತಿನ ಮೇಲೆ ಯಾವ ದೂರೂ ಇಲ್ಲದೆ ಮಲಗಿದ್ದ. ಅಷ್ಟರಲ್ಲಿ ಯಾರೋ 'ಢೋಲ್' ಎಂದರು.

ಚೇಳು ಕಡಿದಂತೆ ಎದ್ದ. ಅದಕ್ಕೆ ಕಾರಣವಿತ್ತು. ಈ ಫ್ಲ್ಯಾಟಿಗೆ ಬರುವ ಮೊದಲು ಅವನು ಮಂಗಲ ಕಾರ್ಯಾಲಯದ ಪಕ್ಕದ ಬಾಡಿಗೆ ಮನೆಯಲ್ಲಿದ್ದ. ಊರವರ ಮದುವೆಗಳೆಲ್ಲ ಅವನ ತಲೆದಿಂಬಿನ ಮೇಲೆಯೇ ನಡೆದಿದ್ದವು. ವಾರವಿಡೀ ವಿಮಾ ಕಚೇರಿಯಲ್ಲಿ ಕಂಡವರ ಅಪಘಾತಗಳ ಫೈಲು ನೋಡಿ ಸಾಕಾಗಿ, ರವಿವಾರ ಒಂದರಿಂದ ನಾಲ್ಕರವರೆಗೆ ಮಲಗುವುದು, ಬದುಕಿನಿಂದ ಅವನು ಕೇಳಿದ್ದು ಅಷ್ಟೇ. ಸಾಲ ಮಾಡಿ ಈ ಮೊದಲ ಮಹಡಿಯ ಮನೆ ಕೊಂಡದ್ದೂ ಏಜೆಂಟ, "ಪೇಠೆಯೊಳಗ ಒಂದರಿಂದ ನಾಲ್ಕು ಕಾಗಿ ಸೈತ ಒದರೂದಿಲ್ರಿ" ಎಂದು ಆಣೆ ಮಾಡಿ ಹೇಳಿದ್ದಕ್ಕೆ.

ಹಾಗಾಗಿ ಎದ್ದು ನಿಂತ. "ನೋಡ್ರಿ, ಢೋಲ್ ಅಂದ್ರ ಸುಮ್ನ ಅಲ್ಲ. ಎಂಥಾದ್ ತಗೋಬೇಕು, ಯಾಕ ತಗೋಬೇಕು, ಭಾಳ ವಿಚಾರ ಮಾಡ್ಬೇಕಾಗ್ತದ..."

ಮುಂದಿನ ವಾಕ್ಯ 'ಅದಕ್ಕ ಬ್ಯಾಡೇ ಬ್ಯಾಡ' ಎಂದಿತ್ತು. ಅದು ಹೊರಬೀಳುವ ಮೊದಲೇ ಚಪ್ಪಾಳೆ ಬಿತ್ತು. ಸೆಕ್ರೆಟರಿ ಮುಕ್ತಾತಾಯಿ ಬೆಳಗಾವಿಯ ಮಗಳು, ಪುಣೆಯ ಸೊಸೆ. ಎರಡೂ ಭಾಷೆಯಲ್ಲಿ ಯಾರ ಮಾತನ್ನೂ ಮುಗಿಯಲು ಬಿಡದ ಹೆಣ್ಣುಮಗಳು.

"ಆತು ಹಂಗಾರ! ನಮ್ಮ ಸೊಸೈಟಿ ಢೋಲ್-ತಾಶಾ ಪಥಕಕ್ಕ ಸಾಮಾನು ಆರಿಸೋ ಜವಾಬ್ದಾರಿ ಹೊಸಮನಿಯವ್ರದು. ಹಿಂಗ ವಿಚಾರ ಮಾಡೋ ಮಂದಿನ ಬೇಕು ನಮಗ."

ಹೀಗೆ, ಮೆರವಣಿಗೆಯ ಢೋಲು ಬಾರಿಸುವ ಹೊಸ ತಂಡಕ್ಕೆ, ಢೋಲಿನ ಹೆಸರು ಕೇಳಿದರೆ ಬೆವರುವ ಮನುಷ್ಯ ಖರೀದಿಯ ಯಜಮಾನನಾದ.

ಮನೆಯಲ್ಲಿ ಹೆಂಡತಿ ರೇಣು ಕೇಳಿದಳು, "ಪ್ರ್ಯಾಕ್ಟೀಸ್ ಎಲ್ಲಿ ಮಾಡ್ತಾರಂತ ಕೇಳಿದ್ರೇನು?"

"ಅದನ್ನೇನ್ ಕೇಳೂದು? ಪಾರ್ಕಿಂಗ್ ಬಿಟ್ರ ಎಲ್ಲಿ ಮಾಡ್ತಾರ? ನಮ್ಮ ಹಾಸಿಗಿ ಬುಡಕ್ಕ!" ಎಂದು ತಲೆಯ ಮೇಲೆ ಕೈ ಹೊತ್ತು ಕೂತವನಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಆರಿಸುವವನು ತಾನೇ ಅಲ್ಲವೇ? ಎಲ್ಲಕ್ಕಿಂತ ಕಡಿಮೆ ಸಪ್ಪಳದ ಢೋಲು ಆರಿಸಿದರೆ ಯಾರು ಬೇಡವೆಂದಾರು? ಆ ರಾತ್ರಿ ಹೊಸಮನಿ ನಗುತ್ತ ಮಲಗಿದ.

ಮರು ರವಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹೊರಡುವಾಗ ಜೊತೆಗೆ ಇಬ್ಬರು ಅಂಟಿಕೊಂಡರು. ಒಬ್ಬ ಸ್ವಪ್ನಿಲ್, ಮಗರಪಟ್ಟಾದ ಕಂಪನಿಯಲ್ಲಿ ಕೆಲಸ, ಪಥಕದ ಕ್ಯಾಪ್ಟನ್. ಗೋಡೆ ಬಿರುಕು ಬಿಡದಿದ್ದರೆ ಅದು ಢೋಲೇ ಅಲ್ಲ ಎನ್ನುವವ. ಇನ್ನೊಬ್ಬರು ಮೂರನೇ ಮಹಡಿಯ ನಿಜಲಿಂಗಪ್ಪನವರು. ಬೆಲ್ಲದ ವ್ಯಾಪಾರ ಬಿಟ್ಟು ಮಗನ ಮನೆಯಲ್ಲಿ ಕೂತ ಮೇಲೆ, ಇಡೀ ಕಟ್ಟಡದ ವ್ಯವಹಾರವೇ ಅವರ ವ್ಯಾಪಾರವಾಗಿತ್ತು.

ಅಂಗಡಿ ಒಂದು ಸಂದಿಯಲ್ಲಿತ್ತು. ಬಾಗಿಲ ಮೇಲೆ ಮರಾಠಿಯಲ್ಲಿ ಬೋರ್ಡು: 'ಒಂದರಿಂದ ನಾಲ್ಕು ಅಂಗಡಿ ಬಂದ್. ಬಾಗಿಲು ಬಡಿಯಬಾರದು. ಬಡಿದವರಿಗೆ ನಾಲ್ಕಕ್ಕೂ ತೆಗೆಯುವುದಿಲ್ಲ.' ಅದನ್ನು ಓದಿದ ಹೊಸಮನಿಗೆ ಆ ಅಂಗಡಿಯವನ ಮೇಲೆ ಒಡಹುಟ್ಟಿದವನ ಮೇಲಿನಷ್ಟು ಪ್ರೀತಿ ಉಕ್ಕಿತು.

ಮಾಲೀಕ ಓಂಕಾರ್ ನಿಪ್ಪಾಣಿ ಕಡೆಯವನು, ಕನ್ನಡ ಬರುತ್ತಿತ್ತು. ಸ್ವಪ್ನಿಲ್ ಮೊದಲ ಢೋಲಿಗೆ ಕೋಲಿನಿಂದ ಒಂದು ಕೊಟ್ಟ. ಢಾಂ! ಹೊಸಮನಿಯ ಹೊಟ್ಟೆಯಲ್ಲಿದ್ದ ಬೆಳಗಿನ ಅವಲಕ್ಕಿ ಜಾಗ ಬದಲಿಸಿತು.

"ಮಸ್ತ್! ಕಾಕಾ, ಇದನ್ನ ಫೈನಲ್ ಮಾಡೂಣು," ಎಂದ ಸ್ವಪ್ನಿಲ್.

ನಿಜಲಿಂಗಪ್ಪನವರು ಬೆಲ್ಲದ ಪೆಂಟೆ ನೋಡುವಂತೆ ಢೋಲನ್ನು ಬೆರಳಿನಿಂದ ಬಡಿದು, ಮೂಸಿ ನೋಡಿದರು. "ಇದೇನ್ ಸಪ್ಪಳೋ ತಮ್ಮಾ? ನಮ್ಮ ಕಡೆ ಕರಡಿ ಮಜಲು ಕೇಳ್ಬೇಕು. ಸತ್ತಾಂವ ಎದ್ದು ಕುಂಡರ್ತಾನ."

"ಅಂವ ಒಬ್ನರ ಆರಾಮ ಮಕ್ಕೊಂಡಿರ್ಲಿ ಬಿಡ್ರಿ," ಎಂದ ಹೊಸಮನಿ. ಆಮೇಲೆ ಓಂಕಾರನನ್ನು ಮೂಲೆಗೆ ಕರೆದು ಪಿಸುಗುಟ್ಟಿದ, "ಭಾವು, ಸಪ್ಪಳ ಕಡಿಮಿ ಬರೂವಂಥಾ ಢೋಲ್ ಅದಾವೇನ್ರಿ?"

ಓಂಕಾರ್ ಅವನನ್ನು, ಪೇಢೆ ಅಂಗಡಿಗೆ ಬಂದು ಸಕ್ಕರೆ ಹಾಕದ ಪೇಢೆ ಕೇಳಿದವನನ್ನು ನೋಡಿದಂತೆ ನೋಡಿದ.

ಅಷ್ಟರಲ್ಲಿ ನಿಜಲಿಂಗಪ್ಪನವರು ಹಗ್ಗ ಹಿಡಿದು ಬಂದರು. "ಹೊಸಮನಿಯವ್ರ, ದೂರ ನಿಂತು ಆರಿಸ್ಲಿಕ್ಕೆ ಇದೇನು ಕುಂಬಳಕಾಯೇನ್ರಿ? ಅಂಗಿ ಹೊಲಸೂ ಮುಂದ ಅಳತಿ ಕೊಡೂದಿಲ್ಲೇನು? ಕಟ್ಟಿಕೊಂಡು ನೋಡ್ರಿ."

ಬೇಡ ಬೇಡ ಎನ್ನುತ್ತಿದ್ದಂತೆಯೇ ಅತಿ ದೊಡ್ಡ ಢೋಲನ್ನು ಅವನ ನಡುವಿಗೆ ಬಿಗಿದು, ಹಿಂದೆ ಗಂಟು ಹಾಕಿ, ಕೈಗೆ ಕೋಲು ಕೊಟ್ಟರು. "ಚಕ್ಕಡಿ ಮ್ಯಾಲೆ ಬೆಲ್ಲ ಹೇರಿದಾಗ ಹಾಕೋ ಗಂಟು ಇದು. ನನ್ನ ಬಿಟ್ರ ಬಿಚ್ಚಾಂವ ಹುಟ್ಟಿಲ್ಲ," ಎಂದು ಹೆಮ್ಮೆಯಿಂದ ಹೇಳಿ, ಗಡಿಯಾರ ನೋಡಿದರು. "ಅಯ್ಯ, ಖಾನಾವಳ್ಯಾಗ ರೊಟ್ಟಿ ಮುಗೀತಾವ! ನಾನು, ಈ ಹುಡುಗ ಎರಡು ತುತ್ತು ತಿಂದು ಬರ್ತೀವಿ. ಅಷ್ಟರಾಗ ಆರಿಸಿ ಇಡ್ರಿ."

ಇಬ್ಬರೂ ಹೋದರು. ಗಂಟಿನ ನೆನಪು ಇಬ್ಬರಿಗೂ ಆಗಲಿಲ್ಲ. ಓಂಕಾರ್ ದೀಪ ಆರಿಸಿ, ಹೊಸಮನಿಯನ್ನು ಢೋಲಿನ ಸಮೇತ ಮೆಲ್ಲಗೆ ಹೊರಗೆ ತಳ್ಳಿ, ಷಟರ್ ಎಳೆದ.

"ಅಯ್ಯ, ಇದು ನನ್ನ ನಡಕ್ಕ ಅದಲ್ರಿ!"

"ಒಂದಾತು," ಎಂದ ಓಂಕಾರ್.

"ಸಾಮಾನು ನಿಮ್ಮದು!"

"ಇರ್ಲಿ. ಹೊತ್ಕೊಂಡ್ ಓಡಿ ಹೋಗೂ ಸಾಮಾನಲ್ಲ ಅದು," ಎಂದು ಆಕಳಿಸುತ್ತ ಅಂಗಡಿಯ ಮೇಲಿನ ತನ್ನ ಮನೆಗೆ ಮೆಟ್ಟಿಲು ಹತ್ತಿದ.

ಸಂದಿಯೆಲ್ಲ ಗಪ್‌ಚಿಪ್ ಆಯಿತು. ಕಿಟಕಿಗಳ ಪರದೆ ಇಳಿದವು, ನಾಯಿಯೊಂದು ಸ್ಕೂಟರಿನ ಕೆಳಗೆ ಸುರುಳಿಯಾಯಿತು. ಇಂಥ ಪವಿತ್ರ ಹೊತ್ತಿನಲ್ಲಿ ಹೊಸಮನಿ ಬೀದಿಯ ನಡುವೆ ಢೋಲು ಕಟ್ಟಿಕೊಂಡು ನಿಂತಿದ್ದ. ಒಂದು ಆಟೋ ಬಂತು. ಚಾಲಕ ಅವನನ್ನು ಒಮ್ಮೆ, ಢೋಲನ್ನು ಒಮ್ಮೆ ನೋಡಿ, "ಇಬ್ಬರಲ್ಲಿ ಒಬ್ಬರನ್ನ ಒಯ್ತೀನಿ" ಎಂದು ಮರಾಠಿಯಲ್ಲಿ ಹೇಳಿ ಹೋದ.

ಮೆಟ್ಟಿಲ ಮೇಲೆ ಕೂರಲು ಹೋದ, ಮೊಣಕಾಲು ತಾಕಿತು. ಢುಂ! ಎದುರಿನ ಬಾಲ್ಕನಿಯಲ್ಲಿ ಬನಿಯನ್ನಿನ ಮುದುಕರೊಬ್ಬರು ಕಾಣಿಸಿಕೊಂಡರು. "ಹೊತ್ತು ಗೊತ್ತು ಇಲ್ಲೇನು?" ಎಂದು ಮರಾಠಿಯಲ್ಲಿ ಗದರಿದರು. ಹೊಸಮನಿ ಕೈ ಮುಗಿಯಲು ಹೋದ. ಕೈಯಲ್ಲಿದ್ದ ಕೋಲು ಢೋಲಿನ ಚರ್ಮವನ್ನು ಸವರಿತು. ಢುಂಢುಂ! ಮತ್ತೆ ಎರಡು ಕಿಟಕಿ ತೆರೆದವು.

ಇನ್ನು ಉಸಿರೂ ಆಡಬಾರದೆಂದು ಗೊಂಬೆಯಂತೆ ನಿಂತ. ಆಗ ಒಂದು ನೊಣ ಬಂದು ಮೂಗಿನ ತುದಿಯಲ್ಲಿ ಕೂತಿತು. ಹೊಸಮನಿ ಮೂಗು ಅಲ್ಲಾಡಿಸಿದ. ಊದಿದ. ಕಣ್ಣಿನಿಂದಲೇ ಬೇಡಿಕೊಂಡ. ನೊಣ ಅಲ್ಲಿಯೇ ಸಂಸಾರ ಹೂಡುವ ಅಂದಾಜಿನಲ್ಲಿತ್ತು. ಕೊನೆಗೆ ತಾಳಲಾರದೆ ಕೈ ಬೀಸಿದ. ನೊಣ ಹಾರಿತು, ಕೋಲು ಢೋಲಿನ ನಟ್ಟನಡುವೆ ಬಿತ್ತು.

ಢಾಂ!

ಸಂದಿಯ ಒಂದು ಕಿಟಕಿಯೂ ಮುಚ್ಚಿ ಉಳಿಯಲಿಲ್ಲ. ಒಬ್ಬಾಕೆ ಅಳುವ ಕೂಸನ್ನು ಎತ್ತಿ ತೋರಿಸಿದಳು. ಮುದುಕರು ಪೊಲೀಸರನ್ನು ಕರೆಯುತ್ತೇನೆಂದರು. ಮಧ್ಯಾಹ್ನದ ನಿದ್ದೆಗಾಗಿ ಮನೆ ಸಾಲ ಮಾಡಿದ ಮನುಷ್ಯನನ್ನು ಇಡೀ ಓಣಿ ನಿದ್ದೆಗೇಡಿ ಎಂದು ಬೈಯುತ್ತಿತ್ತು. ನಾಚಿಕೆಯಿಂದ ಅವನಿಗೆ ಕಣ್ಣೀರೇ ಬಂತು.

ಓಂಕಾರ್ ಕೆಳಗಿಳಿದು ಬಂದ, ಕೆನ್ನೆಯ ಮೇಲೆ ದಿಂಬಿನ ಗುರುತು, ಕಣ್ಣಲ್ಲಿ ಕೆಂಡ. "ನನ್ನ ನಿದ್ದಿ ಹಾಳು ಮಾಡಿದ್ರಲ್ಲ! ಈ ಮೂರು ತಾಸಿಗಾಗಿ ನಾ ಬದುಕೀನಿ."

"ನಾನೂ!" ಎಂದ ಹೊಸಮನಿ. "ಅದಕ್ಕ ರೀ ನಾ ಸಪ್ಪಳ ಇಲ್ಲದ್ದು ಕೇಳಿದ್ದು." ಮಂಗಲ ಕಾರ್ಯಾಲಯ, ಏಜೆಂಟನ ಆಣೆ, ಪಾರ್ಕಿಂಗಿನ ಮೇಲಿನ ಹಾಸಿಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

ಓಂಕಾರನ ಕಣ್ಣಿನ ಕೆಂಡ ಆರಿತು. ಷಟರ್ ಎತ್ತಿ, ಚರ್ಮ ಕೊಯ್ಯುವ ಚೂರಿ ತಂದು, ಬಿಚ್ಚುವವನೇ ಹುಟ್ಟಿಲ್ಲದ ನಿಜಲಿಂಗಪ್ಪನವರ ಗಂಟನ್ನು ಕತ್ತರಿಸಿದ. ಆಮೇಲೆ ಅಟ್ಟ ತೋರಿಸಿದ. ಅಲ್ಲಿ ಧೂಳು ಹಿಡಿದ ಹೊಚ್ಚ ಹೊಸ ಢೋಲುಗಳು, ಪುಟ್ಟ ತಾಶಾ ವಾದ್ಯಗಳು.

"ಟೀವಿ ಸೀರಿಯಲ್‌ದವ್ರು ಮಾಡಿಸಿದ್ರು. ಮೆರವಣಿಗಿ ಸೀನ್‌ನಾಗ ಹೀರೋಯಿನ್ ಅಳೂದು ಕೇಳ್ಬೇಕಂತ, ಒಳಗ ಪೂರಾ ಫೋಮ್ ತುಂಬಿಸಿದ್ರು. ಸೀರಿಯಲ್ ನಿಂತ್ಹೋತು, ಇವು ಉಳದ್ವು. ಕಾಣ್ತಾವ, ಕೇಳಿಸೂದಿಲ್ಲ."

ಹೊಸಮನಿ ಒಂದನ್ನು ಬಡಿದ. ಡುಬ್. ಹಾಸಿಗೆಯ ಮೇಲೆ ದಪ್ಪನೆಯ ಮನುಷ್ಯ ಕೂತ ಸಪ್ಪಳ. ಅವನಿಗೆ ಓಂಕಾರನ ಕಾಲಿಗೆ ಬೀಳಬೇಕೆನಿಸಿತು. ಬದಲಿಗೆ ಅಟ್ಟದಲ್ಲಿದ್ದಷ್ಟನ್ನೂ ಕೊಂಡುಬಿಟ್ಟ.

ಉಳಿದಿಬ್ಬರು ತೇಗುತ್ತ ಬರುವಷ್ಟರಲ್ಲಿ ಎಲ್ಲ ಗೋಣಿಚೀಲದಲ್ಲಿ ಹೊಲಿದು ಟೆಂಪೋದಲ್ಲಿತ್ತು. "ಬಿಚ್ಚಿ ತೋರಸ್ರಿ ಕಾಕಾ," ಎಂದ ಸ್ವಪ್ನಿಲ್.

"ಪೂಜಿ ಇಲ್ಲದ ಮುಟ್ಟಬಾರ್ದೋ," ಎಂದ ಹೊಸಮನಿ. ನಿಜಲಿಂಗಪ್ಪನವರು, "ಖರೇ ಮಾತು!" ಎಂದು ತಲೆದೂಗಿದರು. ಜೀವನದಲ್ಲಿ ಮೊದಲ ಸಲ ಅವರಿಂದ ಉಪಕಾರವಾಯಿತು.

ಸಂಜೆ ಪಾರ್ಕಿಂಗಿನಲ್ಲಿ ಇಡೀ ಸೊಸೈಟಿ ಸೇರಿತು. ಮುಕ್ತಾತಾಯಿ ಅರಿಸಿನ-ಕುಂಕುಮ ಹಚ್ಚಿ, ಕಾಯಿ ಒಡೆಸಿದರು. ಸ್ವಪ್ನಿಲ್ ಢೋಲು ಕಟ್ಟಿಕೊಂಡು, ಎದೆ ಉಬ್ಬಿಸಿ, ಕೋಲನ್ನು ಆಕಾಶಕ್ಕೆತ್ತಿ ಬಡಿದ.

ಡುಬ್.

ಮತ್ತೆ ಬಡಿದ. ಡುಬ್. ನಿಜಲಿಂಗಪ್ಪನವರು ಕಿವಿ ಆನಿಸಿ ನೋಡಿದರು. "ಒಳಗ ಯಾರೋ ಮಕ್ಕೊಂಡಾರ," ಎಂದರು. ಸ್ವಪ್ನಿಲ್ ಅಳುವ ಮುಖ ಮಾಡಿದ. ಹೊಸಮನಿ ಬೈಗುಳಕ್ಕೆ ಬೆನ್ನೊಡ್ಡಿ ತಲೆತಗ್ಗಿಸಿ ನಿಂತ. ಬೈದರೆ ಬೈಯಲಿ, ನಿದ್ದೆ ಉಳಿಯಿತಲ್ಲ ಎಂದು ಒಳಗೊಳಗೇ ಕುಣಿಯುತ್ತಿದ್ದ.

ಮುಕ್ತಾತಾಯಿಯ ಮುಖ ಮಾತ್ರ ಮೆಲ್ಲಗೆ ಅರಳಿತು.

"ವಾ ಹೊಸಮನಿಯವ್ರ, ವಾ! ಇದು ನಮ್ಮ ತಲ್ಯಾಗ ಯಾಕ ಬರ್ಲಿಲ್ಲ? ಇನ್ನ ಪ್ರ್ಯಾಕ್ಟೀಸಿಗೆ ನದಿ ದಂಡಿಗೆ ಹೋಗೂ ಕಾರಣನ ಇಲ್ಲ! ಟೆಂಪೋ ಬ್ಯಾಡ, ಕೆಸರಿಲ್ಲ, ಬ್ಯಾರೆ ಪಥಕದವ್ರ ಜೋಡಿ ಜಾಗಾಕ್ಕ ಜಗಳಿಲ್ಲ. ಇಲ್ಲೇ ಪಾರ್ಕಿಂಗ್‌ನಾಗ ಮಾಡೂಣು. ಯಾರಿಗೂ ತ್ರಾಸಿಲ್ಲ."

ಹೊಸಮನಿ ತಲೆಯೆತ್ತಿದ. "ನದಿ ದಂಡಿ? ಯಾವ ನದಿ ದಂಡಿ?"

"ಅಯ್ಯ, ಹೋದ ಮೀಟಿಂಗ್‌ನಾಗ ಠರಾವ್ ಆಗಿತ್ತಲ್ರಿ, ಪೂಜಿ ಬಿಟ್ರ ಸೊಸೈಟಿ ಹತ್ರ ಒಂದ್ ಪೆಟ್ಟು ಸೈತ ಬಾರಸಬಾರ್ದು, ಎಲ್ಲಾ ಪ್ರ್ಯಾಕ್ಟೀಸ್ ನದಿ ದಂಡಿ ಮ್ಯಾಲೆ ಅಂತ. ನೀವು ಆಗ ಕಂಬಕ್ಕ ಒರಗಿ ಗೊರಕಿ ಹೊಡಿಲಿಕ್ಕತ್ತಿದ್ರಿ. ಪಾಪ ಮಕ್ಕೊಂಡಾರ, ಎಬ್ಬಸ್ಬ್ಯಾಡ್ರಿ ಅಂತ ನಾನ ಹೇಳಿದ್ದೆ."

"ಮೆರವಣಿಗಿ ದಿವಸ ಏನ್ ಮಾಡೂದು ತಾಯಿ?" ಎಂದ ಸ್ವಪ್ನಿಲ್.

"ಆವತ್ತ ಜೋರಿನ್ವು ಬಾಡಿಗಿ ತರೂಣು. ಇವು ಪ್ರ್ಯಾಕ್ಟೀಸಿಗೆ. ಹಬ್ಬದ ಮುಂದ ಎರಡು ತಿಂಗಳು ಅಷ್ಟ ಯಾಕ, ವರ್ಷಪೂರ್ತಿ ಮಾಡೂಣು! ರವಿವಾರ ಮುಂಜಾನೆ ಹುಡುಗ್ರ ಕ್ಲಾಸ್, ಸಂಜಿಮುಂದ ಕ್ರಿಕೆಟ್. ನಡುವ ಒಂದರಿಂದ ನಾಲ್ಕು ಪಾರ್ಕಿಂಗ್ ಖಾಲಿನ ಇರ್ತದ."

ಚಪ್ಪಾಳೆ ಬಿತ್ತು. ಹೊಸಮನಿಗೆ ಶಾಲು ಹೊದಿಸಬೇಕೆಂದು ಯಾರೋ ಸೂಚಿಸಿದರು.

ಮುಂದಿನ ರವಿವಾರ ಊಟ ಮುಗಿಸಿ ಹೊಸಮನಿ ಹಾಸಿಗೆಯ ಮೇಲೆ ಬಿದ್ದುಕೊಂಡ. ಡುಬ್, ಡುಬ್, ಡುಬುಡುಬು ಡುಬ್. ಆ ಸಪ್ಪಳ ಹೊರಗೆ ಎಲ್ಲಿಯೂ ಹೋಗುತ್ತಿರಲಿಲ್ಲ. ನೆಟ್ಟಗೆ ಕಂಬ ಹತ್ತಿ, ಮಂಚದ ಕಾಲಿನ ಮೂಲಕ, ಅವನ ದಿಂಬಿಗೆ ಬರುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ರೇಣು, "ಏನೂ ಕೇಳ್ಸೂದಿಲ್ಲಲ್ರಿ, ಚಲೋ ಆರಿಸೀರಿ," ಎಂದು ಮಗ್ಗುಲಾಗಿ ನಿದ್ದೆ ಹೋದಳು.

ಹೊಸಮನಿ ಎದ್ದು ಕೂತು ಓಂಕಾರನಿಗೆ ಫೋನ್ ಹಚ್ಚಿದ. ಇವನ್ನೆಲ್ಲ ವಾಪಸು ತಗೊಂಡು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಜೋರಿನ ಢೋಲು ಕೊಡಿರಿ, ಗೋಡೆ ಬಿರುಕು ಬಿಡುವಂಥದು, ಇವರನ್ನೆಲ್ಲ ಮತ್ತೆ ನದಿ ದಂಡೆಗೆ ಓಡಿಸುವಂಥದು ಎಂದು ಹೇಳಬೇಕಿತ್ತು. ಫೋನು ರಿಂಗಾಯಿತು, ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಗಡಿಯಾರ ನೋಡಿದ. ಒಂದೂ ಕಾಲು. ಓಂಕಾರ್ ಮಲಗಿದ್ದ.

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ನಿಜಲಿಂಗಪ್ಪನವರು ಹೊಸ ಹಗ್ಗ ಹಿಡಿದು ನಿಂತಿದ್ದರು.

"ಎಚ್ಚರನ ಅದೀರಲ್ಲ!" ಎಂದರು ಸಂತೋಷದಿಂದ. "ಬರ್ರಿ ಹಂಗಾರ ಕೆಳಗ, ಒಂದು ಢೋಲ್ ಖಾಲಿ ಅದ."