ಹೊರಗಿನವರ ಕಿಂಡಿ

ಈ ದೇಶದಲ್ಲಿ ನಾನು ತೆರಿಗೆ ಕಟ್ಟುತ್ತೇನೆ. ಕಸವನ್ನು ಹಸಿ ಬೇರೆ, ಒಣ ಬೇರೆ ಮಾಡಿ ಆಯಾ ಬಣ್ಣದ ಡಬ್ಬಿಗೇ ಹಾಕುತ್ತೇನೆ. ಬಸ್ಸು ತಡವಾದರೆ ಇಲ್ಲಿಯವರ ಜೊತೆ ನಿಂತು, ಇಲ್ಲಿಯವರ ಭಾಷೆಯಲ್ಲೇ, ಇಲ್ಲಿಯ ಸರ್ಕಾರವನ್ನು ಬೈಯುತ್ತೇನೆ. (ಬೈಯುವಾಗ ಮಾತ್ರ ನನ್ನ ಉಚ್ಚಾರಣೆ ಶುದ್ಧವಾಗಿರುತ್ತದೆ ಎಂದು ನೆರೆಮನೆಯವರು ಮೆಚ್ಚಿಕೊಂಡಿದ್ದಾರೆ.) ಇಷ್ಟೆಲ್ಲ ಮಾಡಿದ ಮೇಲೂ, ಗುಡ್ಡದ ಮೇಲಿನ ಹಳೆಯ ಅರಮನೆ ನೋಡಲು ಹೋದರೆ ನಾನು ಪರದೇಶಿಯೇ. ಅಲ್ಲಿ ಎರಡು ಟಿಕೆಟ್ ಕಿಂಡಿಗಳಿವೆ. ಒಂದು ಇಲ್ಲಿಯವರಿಗೆ, ಇನ್ನೊಂದು ಹೊರಗಿನವರಿಗೆ. ಇಲ್ಲಿಯವರು ಕೊಡುವ ದುಡ್ಡಿಗೆ ಒಂದು ಲೋಟ ಕಾಫಿ ಬರುತ್ತದೆ. ಹೊರಗಿನವರು ಕೊಡುವ ದುಡ್ಡಿಗೆ ಮನೆಮಂದಿಯೆಲ್ಲ ಹೋಟೆಲಿನಲ್ಲಿ ಕೂತು ಹೊಟ್ಟೆ ತುಂಬ ಉಣ್ಣಬಹುದು. ಹೊರಗಿನಿಂದ ಬಂದು ಇಲ್ಲೇ ಬೇರು ಬಿಟ್ಟಿರುವ ನಮ್ಮಂಥವರು ಯಾವ ಕಿಂಡಿಗೆ ಹೋಗಬೇಕೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ. ಅದೆಲ್ಲ ಕಿಂಡಿಯೊಳಗೆ ಕೂತವರ ಮರ್ಜಿ.

ಆದ್ದರಿಂದ ನಾನು ಅರಮನೆಯ ವಿರುದ್ಧ ಏಕಾಂಗಿಯಾಗಿ ಅಸಹಕಾರ ಚಳವಳಿ ಹೂಡಿದ್ದೆ. ಯಾವ ನೆಂಟರೇ ಬರಲಿ, ಗೇಟಿನ ತನಕ ಕರೆದೊಯ್ದು, ಈ ಅರಮನೆಯ ಅಂದ ಇರುವುದೇ ಹೊರಗಿನಿಂದ ಎಂದು ಒಂದು ಭಾಷಣ ಕೊಟ್ಟು, ಫೋಟೋ ತೆಗೆದು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಕರೆತರುತ್ತಿದ್ದೆ. ಎಲ್ಲರೂ ನಂಬಿದ್ದರು. ಭಾವ ನಂಬಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಶಾಲೆಗಳ ತಪಾಸಣೆ ಮಾಡುವ ಸಾಹೇಬರಾಗಿದ್ದು ನಿವೃತ್ತರಾದವರು. ನಿವೃತ್ತಿ ಸಿಕ್ಕಿದ್ದು ನೌಕರಿಗೆ, ತಪಾಸಣೆಗಲ್ಲ. ಬಂದ ದಿನವೇ ನಮ್ಮ ಮನೆಯ ನಲ್ಲಿ ತಿರುಗಿಸಿ ನೋಡಿದರು, ಕಿಟಕಿಯ ಚಿಲಕ ಎಳೆದು ನೋಡಿದರು, ಫ್ರಿಜ್ಜಿನೊಳಗೆ ತಲೆ ಹಾಕಿ ಬಹಳ ಹೊತ್ತು ಏನನ್ನೋ ಯೋಚಿಸಿದರು. ನಮ್ಮ ಮದುವೆಯ ಮಾತುಕತೆಯಲ್ಲಿ "ಹಲ್ಲು ಕಟ್ಟೋ ಹುಡುಗನಿಗೆ ನಮ್ಮ ತಂಗೀನ ಕೊಡೋದಾ" ಎಂದು ಮೂಗು ಮುರಿದಿದ್ದವರು ಇವರೇ. ಆ ಮೂಗು ಇನ್ನೂ ಪೂರ್ತಿ ನೆಟ್ಟಗಾಗಿಲ್ಲ.

ಹೌದು, ನಾನು ಹಲ್ಲು ಕಟ್ಟುವವನು. ಡಾಕ್ಟರಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ನಮ್ಮ ಕಾರ್ಖಾನೆಗೆ ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಒಂದು ದೀಪದ ಕೆಳಗೆ ಕೂತು ನಾನು ಮೇಣ ಕಾಯಿಸಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ತಿಕ್ಕಿ ಹೊಳಪು ಕೊಟ್ಟು ಕಳಿಸುತ್ತೇನೆ. ಈ ಊರಿನ ವಯಸ್ಸಾದವರಲ್ಲಿ ಅರ್ಧಕ್ಕರ್ಧ ಜನ ಅಗಿಯುವುದು ನನ್ನ ಕೃಪೆಯಿಂದ. ಆದರೆ ನನ್ನ ಬಳಿಗೆ ಬಾಯಿ ಬರುತ್ತದೆ, ಮುಖ ಬರುವುದಿಲ್ಲ. ಅಚ್ಚಿನ ಮೇಲೆ ಹೆಸರೂ ಇರುವುದಿಲ್ಲ. ನನ್ನ ಹೆಂಡತಿಯ ಕಥೆಯೇ ಬೇರೆ. ಅವಳದು ಬಸ್‌ಸ್ಟಾಪಿನ ಪಕ್ಕದಲ್ಲಿ ಬಟ್ಟೆ ಸರಿಮಾಡುವ ಪುಟ್ಟ ಅಂಗಡಿ. ಕಿತ್ತ ಜಿಪ್ಪು ಹಾಕುವುದು, ಉದ್ದವಾದ ಪ್ಯಾಂಟಿನ ಅಂಚು ಮಡಿಸುವುದು, ಬಿಗಿಯಾದ ಸೊಂಟ ಬಿಡಿಸುವುದು. ಊರಿನವರೆಲ್ಲ ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ನಾನು ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿರುತ್ತೇನೆ.

ಗೇಟಿನ ಮುಂದೆ ನನ್ನ ಭಾಷಣ ಮುಗಿದ ಮೇಲೆ ಭಾವ ಕೇಳಿದ್ದು ಒಂದೇ ಪ್ರಶ್ನೆ.

"ಒಳಗೆ ಏನಿದೆ?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಿಂದ ಇದ್ದೀರಿ, ಒಳಗೆ ಹೋಗೇ ಇಲ್ಲವಾ ಎಂದರು. ನಾನು ಟಿಕೆಟ್ಟಿನ ಅನ್ಯಾಯವನ್ನು ವಿವರಿಸಿದೆ. ಅವರು ಬೋರ್ಡನ್ನು, ನನ್ನನ್ನು, ಮತ್ತೆ ಬೋರ್ಡನ್ನು ನೋಡಿ, ಶಾಲೆಯ ಹಾಜರಿ ಪುಸ್ತಕ ಮುಚ್ಚುವ ಗತ್ತಿನಲ್ಲಿ ಹೇಳಿದರು:

"ಹಾಗಾದ್ರೆ ನೀವಿನ್ನೂ ಇಲ್ಲಿಯವರಾಗಿಲ್ಲ ಅನ್ನಿ."

ಈ ಮಾತು ನನಗೆ ನಾಟಿತು. ಇವರು ಊರಿಗೆ ಹೋಗಿ ಅತ್ತೆಯ ಮುಂದೆ, ಅಕ್ಕಪಕ್ಕದವರ ಮುಂದೆ ಇದನ್ನೇ ಹೇಳುವವರು. ಅಲ್ಲಿಯವನೂ ಅಲ್ಲ, ಇಲ್ಲಿಯವನೂ ಅಲ್ಲ, ನಡುವೆ ಹಲ್ಲು ಕಟ್ಟಿಕೊಂಡು ಕೂತವನು ಅಂತ ನನ್ನ ಕೀರ್ತಿ ಹಬ್ಬುತ್ತದೆ. ನಾನು ಹಿಂದುಮುಂದು ನೋಡದೆ, ಭಾನುವಾರ ನಿಮ್ಮನ್ನು ಇಲ್ಲಿಯವರ ಕಿಂಡಿಯಿಂದಲೇ ಒಳಗೆ ಕರೆದುಕೊಂಡು ಹೋಗದಿದ್ದರೆ ಕೇಳಿ ಎಂದುಬಿಟ್ಟೆ. ಬಾಯಿಂದ ಬಿದ್ದ ಮಾತನ್ನು ಮತ್ತೆ ಕೂರಿಸುವ ಕೆಲಸ ನಮ್ಮ ಕಾರ್ಖಾನೆಯಲ್ಲೂ ಇಲ್ಲ.

ಹೆಂಡತಿ ಮನೆಗೆ ಬಂದಮೇಲೆ ಸಮಾಧಾನವಾಗಿಯೇ ಹೇಳಿದಳು. "ಟಿಕೆಟ್ ನಾನು ತಗೋತೀನಿ ರೀ. ನೀವು ಸುಮ್ನೆ ಪಕ್ಕದಲ್ಲಿ ನಿಂತಿರಿ, ಸಾಕು."

ಸುಮ್ಮನೆ ನಿಲ್ಲುವುದು ನನ್ನ ಜಾತಕದಲ್ಲಿಲ್ಲ. ಇದು ದುಡ್ಡಿನ ಪ್ರಶ್ನೆಯಲ್ಲ, ಸ್ಥಾನಮಾನದ ಪ್ರಶ್ನೆ ಎಂದು ಅವಳಿಗೆ ತಿಳಿಹೇಳಿ ತಯಾರಿಗೆ ಇಳಿದೆ. ಇಲ್ಲಿಯ ಗಂಡಸರು ಹಾಕುವಂಥ ಚಪ್ಪಟೆ ಟೋಪಿ ತಂದೆ. ಅವರ ಹಾಗೆ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈಗಳನ್ನು ಹಿಂದೆ ಕಟ್ಟಿ, ಪ್ರಪಂಚದಲ್ಲಿ ಯಾವುದೂ ಸರಿಯಿಲ್ಲ ಅನ್ನುವ ಮುಖ ಮಾಡಿಕೊಂಡು ಹಜಾರದಲ್ಲಿ ಅತ್ತಿಂದಿತ್ತ ನಡೆದು ಅಭ್ಯಾಸ ಮಾಡಿದೆ. ಕೈ ಹಿಂದೆ ಕಟ್ಟಿದರೆ ಪೇಪರು ಜಾರಿ ಬೀಳುತ್ತಿತ್ತು. ಪೇಪರು ಹಿಡಿದರೆ ಮುಖ ಸಡಿಲವಾಗುತ್ತಿತ್ತು. ಭಾವ ಸೋಫಾದಲ್ಲಿ ಕೂತು ನನ್ನ ನಡಿಗೆಯನ್ನೂ ತಪಾಸಣೆ ಮಾಡಿದರು. ಜೊತೆಗೆ ಇಲ್ಲಿಯ ಭಾಷೆಯಲ್ಲಿ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ತಿದ್ದಿತೀಡಿ ಇಟ್ಟುಕೊಂಡೆ: "ಮೂರು ಟಿಕೆಟ್ ಕೊಡಿ, ನಾವು ಇದೇ ಊರಿನವರು."

ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ, "ಊರಿನವರು ಯಾರೂ ನಾವು ಊರಿನವರು ಅಂತ ಹೇಳ್ಕೊಂಡು ತಿರುಗಲ್ಲ ರೀ" ಎಂದಳು. ಹೆಂಗಸರಿಗೆ ರಾಜತಂತ್ರ ತಿಳಿಯುವುದಿಲ್ಲ ಎಂದುಕೊಂಡೆ. (ಮನಸ್ಸಿನಲ್ಲಿ. ಜೋರಾಗಿ ಹೇಳುವಷ್ಟು ಧೈರ್ಯ ಟೋಪಿಯಿಂದ ಬರುವುದಿಲ್ಲ.)

ಭಾನುವಾರ ಬಂತು. ಇಲ್ಲಿಯವರ ಸಾಲಿನಲ್ಲಿ ನಾನು ಮುಂದೆ, ನನ್ನ ಹಿಂದೆ ಹೆಂಡತಿ, ಅವಳ ಹಿಂದೆ ಭಾವ. ಕಿಂಡಿಯೊಳಗೆ ಒಬ್ಬ ವಯಸ್ಸಾದ ಹೆಂಗಸು, ಕೊರಳಿಗೆ ಕೆಂಪು ಸ್ಕಾರ್ಫು ಕಟ್ಟಿಕೊಂಡು, ಕೂದಲನ್ನು ನೀಟಾಗಿ ಬಾಚಿಕೊಂಡು ಕೂತಿದ್ದರು. ಪಕ್ಕದ, ಅಂದರೆ ಹೊರಗಿನವರ ಕಿಂಡಿಯಲ್ಲಿ ಬಾಯಿಯೇ ಕಾಣದಷ್ಟು ದೊಡ್ಡ ಮೀಸೆಯ ಒಬ್ಬ ಯಜಮಾನರು. ಇಬ್ಬರ ನಡುವೆ ಅರ್ಧ ಗೋಡೆ. ಗಿರಾಕಿ ಇಲ್ಲದಾಗ ಮೀಸೆಯವರು ಆ ಗೋಡೆಯ ಮೇಲಿಂದ ಬಗ್ಗಿ ಏನೋ ಹೇಳುವುದು, ಆಕೆ ನಗುವುದು ನಡೆದಿತ್ತು. ನಾನಾಗ ಅದಕ್ಕೆ ಗಮನ ಕೊಡಲಿಲ್ಲ. ಕೊಡಬೇಕಾಗಿತ್ತು.

ಸರದಿ ಬಂತು. ನಾನು ಟೋಪಿ ಸರಿಮಾಡಿಕೊಂಡು ವಾಕ್ಯವನ್ನು ಬಿಟ್ಟೆ. ಆಕೆ ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಭುಜದ ಮೇಲಿಂದ ಹಿಂದೆ ನೋಡಿದರು. ಹಿಂದೆ ನನ್ನ ಹೆಂಡತಿ. "ಓಹೋ, ನಿಮ್ಮ ಯಜಮಾನ್ರಾ?" ಎಂದು ಅವಳನ್ನು ಕೇಳಿ, ಮೂರು ಟಿಕೆಟ್ಟು ಹರಿಯಲು ಕೈ ಹಾಕಿ, ಬಾಯಿ ತುಂಬ ನಕ್ಕರು. ಆಕೆಯ ಕೋಟಿನ ತೋಳು ಸರಿಮಾಡಿಕೊಟ್ಟವಳು ನನ್ನವಳೇ ಎಂದು ಆಮೇಲೆ ಗೊತ್ತಾಯಿತು. ಕೆಲಸ ಹಾಗೇ ಮುಗಿದುಹೋಗಬೇಕಾಗಿತ್ತು.

ಆದರೆ ನಾನು ಆ ನಗುವನ್ನು ನೋಡಿಬಿಟ್ಟೆ.

ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು, ಒಂದು ಕೂದಲೆಳೆಯಷ್ಟು ಹೊರಕ್ಕೆ. ಆ ಹಲ್ಲಿಗಾಗಿ ನಾನು ಡಾಕ್ಟರ ಜೊತೆ ಜಗಳವಾಡಿದ್ದೆ. ಅವರು ಸಾಲು ನೆಟ್ಟಗಿರಲಿ ಎಂದು ವಾಪಸ್ಸು ಕಳಿಸಿದ್ದರು. ನೆಟ್ಟಗಿದ್ದರೆ ಗೋಡೆ ಕಟ್ಟಿದಂತೆ ಕಾಣುತ್ತದೆ, ದೇವರು ಕೊಟ್ಟ ಹಲ್ಲು ಯಾವತ್ತೂ ಅಷ್ಟು ಶಿಸ್ತಾಗಿರುವುದಿಲ್ಲ ಎಂದು ನಾನು ಹಟ ಹಿಡಿದು ಹಾಗೇ ಉಳಿಸಿದ್ದೆ. ಎಷ್ಟೋ ವರ್ಷದಿಂದ ಮುಖವಿಲ್ಲದ ಬಾಯಿಗಳಿಗೆ ದುಡಿದವನಿಗೆ ಇವತ್ತು ನನ್ನ ಹಲ್ಲು ಒಂದು ಮುಖದೊಳಗೆ ಕೂತು ನಗುವುದು ಕಂಡಿತು. ಕಳೆದುಹೋದ ಮಗು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಾಗಾಯಿತು. ಎದೆ ತುಂಬಿ ಬಂತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ, ನಾನು ಈ ಊರಿನವನು ಅನ್ನುವುದಕ್ಕೆ?

"ಮೇಡಂ, ಈ ಹಲ್ಲು ನನ್ನವು" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಹುರುಪಿನಲ್ಲಿ ಕಿಂಡಿಯೊಳಗೆ ಬೆರಳು ತೋರಿಸಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಮೇಲಿನ ಸಾಲು, ಕೆಳಗಿನ ಸಾಲು ಎರಡೂ ನಾನೇ ಕಟ್ಟಿದ್ದು, ಒಂದೂ ಅಸಲಿ ಅಲ್ಲ, ಆದರೂ ಯಾರಾದರೂ ಹೇಳುತ್ತಾರಾ ನೋಡಿ, ಆ ಕೋರೆಹಲ್ಲಿನ ಚಮತ್ಕಾರ ಅದು ಎಂದು ವಿವರಿಸಿದೆ. ಆ ದಿನ ನನ್ನ ಉಚ್ಚಾರಣೆ ಬೈಯುವಾಗಿನಷ್ಟೇ ಶುದ್ಧವಾಗಿತ್ತಂತೆ. ಒಂದಕ್ಷರವೂ ಯಾರಿಗೂ ತಪ್ಪಲಿಲ್ಲ.

ಅರ್ಧ ಗೋಡೆಯ ಆಚೆಯಿಂದ ಮೀಸೆಯವರ ಕತ್ತು ನಿಧಾನವಾಗಿ ಈಚೆಗೆ ತಿರುಗಿತು. ಆಕೆಯ ಬಾಯಿ ಮುಚ್ಚಿಕೊಂಡಿತು. ಮುಖ ಕೆಂಪಾಗಿ, ಸ್ಕಾರ್ಫಿನ ಬಣ್ಣಕ್ಕೆ ಬಂತು. ತುಟಿಗಳನ್ನು ಬಿಗಿಯಾಗಿ ಒತ್ತಿಕೊಂಡೇ ಕೈ ಚಾಚಿದರು.

"ಗುರುತಿನ ಚೀಟಿ."

ಕೊಟ್ಟೆ. ಅದರಲ್ಲಿ ನಾನು ಎಲ್ಲಿ ಹುಟ್ಟಿದವನು ಎಂಬುದು ದಪ್ಪ ಅಕ್ಷರದಲ್ಲಿದೆ. ಆಕೆ ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ತಳ್ಳಿ, ಪಕ್ಕದ ಕಿಂಡಿ ತೋರಿಸಿದರು. ಆಮೇಲೆ ನನ್ನ ಹೆಂಡತಿಗೆ ಒಂದು ಟಿಕೆಟ್ಟು ಹರಿದುಕೊಟ್ಟರು. ಇವರು ನಮ್ಮಣ್ಣ ಎಂದು ಅವಳು ಮೆಲ್ಲಗೆ ಹೇಳಿದಳು. ನಿಮ್ಮಣ್ಣ ಅಂದರೆ ನಮ್ಮವರೇ ತಾನೇ ಎಂದು ಇನ್ನೊಂದನ್ನೂ ಹರಿದರು. ವಿಮಾನದ ಆಯಾಸ ಇನ್ನೂ ಇಳಿಯದ, ಈ ಭಾಷೆಯ ಒಂದಕ್ಷರವೂ ಬಾರದ ನಮ್ಮ ಭಾವ ಹೀಗೆ ನಿಂತ ನಿಲುವಿನಲ್ಲೇ ಈ ಊರಿನವರಾದರು.

ನಾನು ಮೀಸೆಯವರ ಕಿಂಡಿಗೆ ಹೋಗಿ, ಹಲ್ಲು ಕಚ್ಚಿಕೊಂಡು ಪೂರ್ತಿ ದುಡ್ಡು ಎಣಿಸಿದೆ. ಹೊರಗಿನವರಿಗೆ ಟಿಕೆಟ್ಟಿನ ಬದಲು ಅಂಟಿಸಿಕೊಳ್ಳುವ ಹಳದಿ ಬಿಲ್ಲೆ ಕೊಡುತ್ತಾರೆ, ಕಾಣುವ ಹಾಗೆ ಎದೆಯ ಮೇಲೆ ಹಾಕಿಕೊಳ್ಳಬೇಕು. ಮೀಸೆಯವರು ಚಿಲ್ಲರೆ ಕೊಡುವ ನೆಪದಲ್ಲಿ ನನ್ನ ಕೈ ಹಿಡಿದು, ಹತ್ತಿರ ಎಳೆದುಕೊಂಡು, ಪಿಸುಗುಟ್ಟಿದರು. "ಸಾರ್, ಅಷ್ಟು ಚೆನ್ನಾಗಿರೋ ಒಂದು ಸೆಟ್ಟು ಮಾಡ್ಸೋಕೆ ಎಷ್ಟು ದಿನ ಬೇಕಾಗತ್ತೆ? ಆ ಕಡೆಯವರಿಗೆ ಗೊತ್ತಾಗ್ಬಾರ್ದು." ಆ ಮೀಸೆಯ ಗುಟ್ಟು ಆಗ ಅರ್ಥವಾಯಿತು. ವಿಳಾಸ ಬರೆದುಕೊಟ್ಟೆ. ದುಡ್ಡಿನಲ್ಲಿ ಮಾತ್ರ ಅವರು ಒಂದು ಕಾಸೂ ಬಿಡಲಿಲ್ಲ.

ಗೇಟಿನ ಬಳಿ ಹೆಂಡತಿ ಕಾಯುತ್ತಿದ್ದಳು. ಕಣ್ಣಲ್ಲಿ ಕೋಪ ಇತ್ತು, ತುಟಿಯಂಚಿನಲ್ಲಿ ನಗು ಇತ್ತು. ಕೋಪವೇ ಮೊದಲು ಬಾಯಿಗೆ ಬಂತು.

"ಈ ಊರಲ್ಲಿ ಎಷ್ಟು ಜನರ ಸೊಂಟ ಬಿಡಿಸಿಕೊಟ್ಟಿದ್ದೀನಿ ಗೊತ್ತಾ? ಒಬ್ಬರ ಅಳತೆ ಇನ್ನೊಬ್ಬರ ಹತ್ರ ಹೇಳಿದ್ದೀನಾ? ನಿಮ್ಮ ಹತ್ರಾನಾದ್ರೂ ಹೇಳಿದ್ದೀನಾ? ಅದಕ್ಕೇ ರೀ ಅವರು ನನ್ನನ್ನ ನಮ್ಮವಳು ಅನ್ನೋದು."

ನಿಜವಾಗಿ ನಾಚಿಕೆಯಾಯಿತು. ಅಷ್ಟು ಹೊತ್ತು ಆ ಮೀಸೆಯವರ ಜೊತೆ ಏನು ಮಾತು ಎಂದು ಅವಳು ಕೇಳಿದಾಗ, ಏನಿಲ್ಲ, ಚಿಲ್ಲರೆ ವಿಷಯ ಎಂದೆ. (ನೀವೂ ಯಾರ ಹತ್ತಿರವೂ ಹೇಳಬೇಡಿ.)

ಅರಮನೆ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಇಷ್ಟು ವರ್ಷ ಯಾಕೆ ನೋಡಲಿಲ್ಲ ಎಂದು ಹೊಟ್ಟೆ ಉರಿಯುವಷ್ಟು. ಭಾವ ರಾಜನ ಮಂಚದ ಕಾಲು ಅಲುಗಾಡಿಸಿ ನೋಡಿ, ಕಾವಲಿನವರಿಂದ ಒಂದು ಸಲ ಬೈಸಿಕೊಂಡರು. ಬೈದವರು ಇಲ್ಲಿಯ ಭಾಷೆಯಲ್ಲೇ, ಸಲಿಗೆಯಿಂದ, ಮನೆಯವರನ್ನು ಬೈದ ಹಾಗೆ ಬೈದರು. ಭಾವ ಅದನ್ನು ಸನ್ಮಾನದಂತೆ ಸ್ವೀಕರಿಸಿದರು.

ಕೊನೆಗೆ ಮೇಲಿನ ಬಿಸಿಲುಮಾಳಿಗೆಯ ಮೆಟ್ಟಿಲು ಬಂತು. ಅಲ್ಲಿಂದ ಇಡೀ ಊರು ಕಾಣುತ್ತದಂತೆ. ಬಾಗಿಲಲ್ಲಿ ಒಬ್ಬ ಎತ್ತರದ ಕಾವಲುಗಾರ ನನ್ನ ಎದೆಯ ಹಳದಿ ಬಿಲ್ಲೆ ನೋಡಿ ಕೈ ಅಡ್ಡ ಹಿಡಿದ. ಭಾನುವಾರ ಮಾಳಿಗೆ ಇಲ್ಲಿಯವರಿಗೆ ಮಾತ್ರ, ಹೊರಗಿನವರು ಇಲ್ಲಿಯವರ ಜೊತೆ ಬಂದಿದ್ದರೆ ಮಾತ್ರ ಬಿಡುತ್ತಾರೆ. ಹೆಂಡತಿ ಆಗಲೇ ಮೇಲೆ ಹೋಗಿ ಯಾರ ಜೊತೆಗೋ ಮಾತಿಗೆ ನಿಂತಿದ್ದಳು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಭಾವ ಮುಂದೆ ಬಂದರು. ತಮ್ಮ ಟಿಕೆಟ್ಟನ್ನು ಕಾವಲುಗಾರನ ಮೂಗಿನ ಕೆಳಗೆ ಹಿಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾದ ಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟದ್ದು ಅದೇ ಮೊದಲು.

"ಗೆಸ್ಟ್" ಎಂದರು.

ಕಾವಲುಗಾರನ ಮುಖ ಅರಳಿತು. ದಾರಿ ಬಿಟ್ಟ. ಬಿಟ್ಟವನು ಸುಮ್ಮನಿರದೆ, ಹೊರಗಿನವರಿಗೆ ಮಾತಾಡುವಾಗ ಎಲ್ಲರೂ ಮಾಡುವ ಹಾಗೆ, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಕಿವುಡನಿಗೆ ಹೇಳುವಷ್ಟು ಗಟ್ಟಿಯಾಗಿ ಕೇಳಿದ.

"ನಮ್ಮ... ದೇಶ... ಹೇಗಿದೆ?"

ಭಾವ ನನ್ನ ಮುಖ ನೋಡುತ್ತಿದ್ದರು. ಮಾಳಿಗೆಯ ಮೇಲಿಂದ ಹೆಂಡತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ತುಂಬಾ ಚೆನ್ನಾಗಿದೆ" ಎಂದೆ.

"ಮತ್ತೆ ಬನ್ನಿ" ಎಂದ.

ಬರ್ತೀನಿ ಎಂದು ಹೇಳಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಭಾವನ ಹಿಂದೆ ಮೆಟ್ಟಿಲು ಹತ್ತಿದೆ.