ಇಂಡಿಯಲ್ಲಿ ಕೂತು ಸಮುದ್ರದ ಗಾಳಿ ನೋಡಿದ್ದು

ಸಮುದ್ರವೇ ಇಲ್ಲದ ನಮ್ಮ ಇಂಡಿಯಂಥ ಊರಿನಲ್ಲಿ ಸಮುದ್ರದ ಬಗ್ಗೆ ಗೊತ್ತಿಲ್ಲ ಎನ್ನುವವರು ಒಬ್ಬರೂ ಸಿಗುವುದಿಲ್ಲ. ನಮ್ಮ ಮನೆಯಲ್ಲೇ ಇಬ್ಬರು ಪಂಡಿತರು: ಗಂಡ ಮತ್ತು ಅತ್ತೆ. ಹಾಗಾಗಿ ಈಗ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ನಮ್ಮ ಮನೆಯವರು ಸಾಲಿ ಮಾಸ್ತರು. ಕಾರವಾರಕ್ಕೆ ವರ್ಗವಾಗಿದ್ದ ಅವರ ಗೆಳೆಯ ರಜೆಗೆ ಬಂದಾಗ, "ಗಾಳಿ ನೋಡಿಕೊಂಡು ಬರ್ರಿ, ಹಾಯಿ ದೋಣ್ಯಾಗ ಗೋಕರ್ಣಕ್ಕ ಕಳಸ್ತೇನಿ" ಅಂದ. ನನಗಾಗಲೇ ಎರಡು ಮಕ್ಕಳು. ಮೂರನೆಯದು ಹೊಟ್ಟೆಗೆ ಬರುವುದರೊಳಗೆ ಒಮ್ಮೆ ಆ ದೋಣಿ ಹತ್ತಬೇಕು ಎಂಬುದೊಂದೇ ಆಸೆ. ಗಾಳಿಯಾದರೂ ತಡ ಮಾಡೀತು, ನಮ್ಮ ಮನೆಯಲ್ಲಿ ಕೂಸುಗಳು ತಡ ಮಾಡುವುದಿಲ್ಲ.

ಅತ್ತೆ ಮತ್ತು ರೇಡಿಯೋ

ಬೇಸಿಗೆ ರಜೆಯ ಕೊನೆಗೆ ಹೊರಡೋಣ ಎಂದರು ಮನೆಯವರು. ಅಷ್ಟರಲ್ಲಿ ಮುಂಗಾರಿ ಗಾಳಿ ಎದ್ದಿತು. ಮೀನುಗಾರರು ನೀರಿಗೆ ಇಳಿಯಬಾರದು ಎಂದು ರೇಡಿಯೋದಲ್ಲಿ ಹೇಳಿದರು. ಅತ್ತೆ ನಮ್ಮ ಪ್ರವಾಸ ನಿಲ್ಲಿಸಿದ್ದಷ್ಟೇ ಅಲ್ಲ, ತಮ್ಮ ಮಗ ಬಾವಿಯಲ್ಲಿ ಈಸುವುದನ್ನೂ ಬಿಡಿಸಿದರು.

"ಅತ್ತಿ, ಅದು ಸಮುದ್ರದ ದಂಡಿ ಮಂದಿಗೆ ಹೇಳ್ಯಾರ," ಅಂದೆ.

"ಇಂಡಿ ಬಿಟ್ಟು ಅಂತ ಹೇಳ್ಯಾರೇನು?" ಅಂದರು.

ಮಾಳಿಗೆಯ ಮೇಲೆ

ಮಳೆಗಾಲ ಕಳೆಯುವತನಕ ಸುಮ್ಮನಿದ್ದರೆ ಮಾಸ್ತರರು ಹೇಗಾದಾರು? ಗಾಳಿಯ ಅಭ್ಯಾಸ ಶುರು ಮಾಡಿದರು. ಕೋಲಿಗೆ ಧೋತರ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿ, ಅದು ಯಾವ ಕಡೆ ಹಾರುತ್ತದೆ ಎಂದು ನೋಡುವುದು. ಗಂಟು ಹಾಕಲು ಬಾರದ ಕೈ. ಧೋತರ ಬಿಚ್ಚಿಕೊಂಡು ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತಿತ್ತು. ಒಂದು ದಿನ ಆ ಮನೆಯ ಅಕ್ಕ ಅದನ್ನು ಮಡಿಚಿ ತಂದುಕೊಟ್ಟಳು.

"ಏನ್ ತಂಗಿ, ನಿನ್ನ ಗಂಡನ ಧೋತರ ಮತ್ತ ನಮ್ಮ ಅಂಗಳದಾಗ?"

"ಗಾಳಿ ಯಾವ ಕಡಿಂದ ಬರತೈತಿ ಅಂತ ನೋಡಾಕತ್ತಾರ್ರಿ ಅಕ್ಕಾ."

"ಯಾವ ಕಡಿಂದರೆ ಬರಲಿ ಯವ್ವಾ. ಈ ಧೋತರ ನಮ್ಮವರು ಸಿಂದಗಿ ಸಂತಿಗೆ ಹೋದ ದಿನಾನ ಯಾಕ ಬರತೈತಿ?"

ಮುದ್ದೇಬಿಹಾಳದ ಹೋಟೆಲು

ಬಾಗೇವಾಡಿ ನನ್ನ ತವರು. ಅಲ್ಲಿಗೆ ಹೋದಾಗ ನಮ್ಮಣ್ಣ, "ಮುದ್ದೇಬಿಹಾಳದಾಗ ಕುಂದಾಪುರ ಕಡೆಯವರ ಹೋಟೆಲ್ ಐತಿ, ಅವರನ್ನ ಕೇಳ್ರಿ ಮಾಸ್ತರ" ಅಂದ. ಮಾಸ್ತರರು ನನ್ನನ್ನೂ ಎಳೆದುಕೊಂಡು ಹೋದರು. ಇಡ್ಲಿ ತಿಂದು ಗಲ್ಲಾದ ಮುಂದೆ ನಿಂತು, "ದೋಣಿಗೆ ಯಾವ ತಿಂಗಳ ಗಾಳಿ ಚಲೋರಿ?" ಎಂದು ಕೇಳಿದರು.

ಹೋಟೆಲಿನವರು ಎರಡೂ ಕೈ ಜೋಡಿಸಿದರು. "ನಂಗೆ ಎಲ್ಲಾ ತಿಂಗಳೂ ವಾಂತಿಯೇ ಮಾರಾಯ್ರೆ. ದೋಣಿ ಕಾಣದ ಊರು ಎಲ್ಲುಂಟು ಅಂತ ಹುಡುಕಿಯೇ ಇಲ್ಲಿಗೆ ಬಂದದ್ದು."

ಗೋಕರ್ಣ

ಅಂತೂ ದೀಪಾವಳಿ ರಜೆಗೆ ಹೊರಟೆವು. ಅತ್ತೆಯೂ ಬಂದರು. ಕಾರವಾರದಲ್ಲಿ ಗೆಳೆಯ ಸಾರಿ ಸಾರಿ ಹೇಳಿದ: "ನಸುಕಿನಾಗ ನೆಲದ ಗಾಳಿ ದೋಣಿನ್ನ ಹೊರಗ ಒಯ್ತೈತಿ. ಹೊತ್ತೇರಿದ ಮ್ಯಾಲೆ ಸಮುದ್ರದ ಗಾಳಿ ದಂಡಿಗೆ ದಬ್ಬತೈತಿ. ನಸುಕಿಗೇ ಬಿಡ್ರಿ."

ಅತ್ತೆಯ ಜಳಕ, ಪೂಜೆ, ರೊಟ್ಟಿ ಗಂಟು ಮುಗಿಯುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಗೆಳೆಯ ದಂಡೆಯಲ್ಲಿ ನಿಂತು ಕೈಬೀಸಿದ. ಸ್ವಲ್ಪ ದೂರ ಹೋದೆವೋ ಇಲ್ಲವೋ, ಗಾಳಿ ನಿಂತೇಬಿಟ್ಟಿತು. ದೋಣಿ ನಿಂತಲ್ಲೇ ತೊಟ್ಟಿಲಿನ ಹಾಗೆ ತೂಗತೊಡಗಿತು. ಅತ್ತೆ "ಗೋಕರ್ಣ ಬಂದ ಮ್ಯಾಲೆ ಎಬ್ಬಸ್ರಿ" ಎಂದು ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿಬಿಟ್ಟರು. ಮನೆಯವರು ಎದ್ದು ಹಾಯಿಗೆ ಟವೆಲ್ಲಿನಿಂದ ಗಾಳಿ ಹಾಕಿದರು.

"ಮಾಸ್ತರೇ, ಕೂತ್ಕಳ್ಳಿ, ದೋಣಿ ಮಗುಚ್ತದೆ," ಎಂದು ಅಂಬಿಗ ಗದರಿದ.

ಮಧ್ಯಾಹ್ನ ಸಮುದ್ರದ ಗಾಳಿ ಬಂತು. ಇನ್ನು ಇವತ್ತು ಗೋಕರ್ಣ ಮುಟ್ಟುವ ಮಾತಿಲ್ಲ ಎಂದು ಅಂಬಿಗ ದೋಣಿ ತಿರುಗಿಸಿ, ಬಿಟ್ಟ ದಂಡೆಗೇ ತಂದು ಹಚ್ಚಿದ. ನನಗೇನು, ಎರಡೂ ಮಕ್ಕಳನ್ನು ಅವುಚಿಕೊಂಡು ಅರ್ಧ ದಿನ ಸಮುದ್ರದ ಮೇಲೆ ಕೂತಿದ್ದೆ, ಆಸೆ ತೀರಿತ್ತು. ತಾಯಿಗೆ ಹೇಗೆ ಹೇಳುವುದೆಂದು ಮಾಸ್ತರರು ಬೆವರುತ್ತಿದ್ದರು.

ಅಷ್ಟರಲ್ಲಿ ಅತ್ತೆ ತಾವೇ ಎದ್ದು, ಇಳಿದು, ಗೋಕರ್ಣವೇ ಬಂತೆಂದು ಮರಳಿಗೆ ಹಣೆ ಹಚ್ಚಿ "ಮಹಾಬಳೇಶ್ವರಾ!" ಎಂದು ಕೈಮುಗಿದರು. ತಲೆಯೆತ್ತಿದರೆ ಎದುರಿಗೆ ಗೆಳೆಯ. ಅತ್ತೆ ಮಗನ ಕಡೆ ತಿರುಗಿದರು.

"ನೋಡು ತಮ್ಮಾ, ಬಸ್ಸಿಗೆ ಬಂದಾಂವ ನಮಗಿಂತ ಮೊದಲ ಬಂದು ನಿಂತಾನ. ನಿನ್ನ ಗಾಳಿಗಿಷ್ಟು ಬೆಂಕಿ ಹಚ್ಚ!"