ಬಾನೆಟ್ಟಿಗೆ ಕಡಲೆಹಿಟ್ಟು, ಬಾಗಿಲಿಗೆ ಎಣ್ಣೆ

ಪಿಳ್ಳಪ್ಪ: ಬೇಡ ಅಂದ್ರೆ ಬೇಡ! ಮೊದ್ಲು ಅದನ್ನ ಕೆಳಗಿಡಿ. ಅದು ಉಪ್ಪುಕಾಗದ ಅಲ್ವೇನ್ರೀ?

ಕಲೀಮುಲ್ಲಾ: ಉಪ್ಪುಕಾಗದಾನೇ. ಆದ್ರೆ ಸೊನ್ನೆ ನಂಬರು. ಮಕ್ಕಳ ತೊಟ್ಟಿಲಿಗೆ ಉಜ್ಜೋದು.

ಪಿಳ್ಳಪ್ಪ: ಹಂಗಾದ್ರೆ ತೊಟ್ಟಿಲಿಗೇ ಉಜ್ಜಿ. ಇದು ಕೆನ್ನೆ!

ಕಲೀಮುಲ್ಲಾ: ಬೆಳಿಗ್ಗೆ ಕ್ಷೌರ ಮಾಡಿಸಿದ್ದೀರಿ, ಮಧ್ಯಾಹ್ನಕ್ಕೆ ಮೊಳಕೆ ಬಂದಿದೆ. ಅದರ ಮೇಲೆ ಬಣ್ಣ ಹಚ್ಚಿದ್ರೆ ಬಣ್ಣ ಮುಳ್ಳಿನ ಮೇಲೆ ಕೂರುತ್ತೆ, ಮುಖದ ಮೇಲೆ ಕೂರಲ್ಲ.

ಪಿಳ್ಳಪ್ಪ: ಏ ಸಂಜೀವಪ್ಪ! ಯಾರನ್ನೋ ಕರೆಸಿದ್ದೀಯ ನೀನು?

(ಹಲಸೂರು ಕೆರೆಯ ಹತ್ತಿರದ ಒಂದು ಶಾಲೆಯ ಕೊಠಡಿ. ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ಪಕ್ಕದ ಹಜಾರದಲ್ಲಿ ಗುಮಾಸ್ತರ ನಾಟಕ ಸಂಘದ ವಾರ್ಷಿಕೋತ್ಸವ. ಪಿಳ್ಳಪ್ಪ ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರಿ. ಹೆಂಡತಿ ಗೋವಿಂದಮ್ಮನ ಹಸಿರು ಸೀರೆಯುಟ್ಟು ಸ್ಟೂಲಿನ ಮೇಲೆ ಕುಳಿತಿದ್ದಾನೆ. ಸಂಘದ ಕಾರ್ಯದರ್ಶಿ ಸಂಜೀವಪ್ಪನೇ ರಾಜ. ರಂಗಕ್ಕೆ ಸಾಗಿಸಬೇಕಾದ ಕಾಡಿನ ಪರದೆ ಇನ್ನೂ ಈ ಕೊಠಡಿಯ ಗೋಡೆಯ ಮೇಲೆಯೇ ತೂಗುತ್ತಿದೆ.)

ಸಂಜೀವಪ್ಪ: ನಮ್ಮ ಬಣ್ಣದ ಮೇಷ್ಟ್ರು ಕೈಕೊಟ್ಟರು ಕಣೋ. ಬಣ್ಣ ಹಚ್ಚೋರು ಒಬ್ಬರು ಬೇಕು ಅಂತ ದಂಡಿನ ಬ್ಲಾಕ್‌ಪಳ್ಳಿ ಪೇಟೆಗೆ ಹೇಳಿ ಕಳಿಸಿದೆ. ಕಲೀಮುಲ್ಲಾ ಸಾಹೇಬ್ರು ಬಂದ್ರು.

ಪಿಳ್ಳಪ್ಪ: ಯಾವುದಕ್ಕೆ ಬಣ್ಣ ಹಚ್ಚೋರು ಅಂತ ಕೇಳಿದ್ಯಾ?

ಕಲೀಮುಲ್ಲಾ: ಮೊದಲು ಜಟಕಾ. ಯುದ್ಧ ಬಂದ ಮೇಲೆ ಮಿಲಿಟರಿ ಲಾರಿ. ಕಾಡಲ್ಲಿ ನಿಂತ್ರೆ ಶತ್ರುವಿಗೆ ಕಾಣಬಾರದು, ಹಂಗೆ ಹಚ್ತೀನಿ. ಎರಡು ವರ್ಷಕ್ಕೆ ನಾನೂರು ಲಾರಿ. ಒಂದೂ ವಾಪಸ್ ಬಂದಿಲ್ಲ.

ಪಿಳ್ಳಪ್ಪ: ಬಣ್ಣ ಚೆನ್ನಾಗಿತ್ತು ಅಂತ ಬಂದಿಲ್ವೋ, ಇಲ್ಲಾ ಲಾರಿನೇ...

ಕಲೀಮುಲ್ಲಾ: ಅದು ಮಿಲಿಟರಿ ವಿಷಯ ಸಾಬ್. ನಾವು ಕೇಳಬಾರದು.

ಸಂಜೀವಪ್ಪ: ಪಿಳ್ಳಪ್ಪ, ಇರೋದು ಎರಡು ಗಂಟೆ. ಬೇರೆಯವರನ್ನ ಎಲ್ಲಿಂದ ತರಲಿ? ಆದಿನಾರಾಯಣ್ ಬೇರೆ ಬರ್ತಿದ್ದಾರೆ.

ಪಿಳ್ಳಪ್ಪ: ನಮ್ಮ ಹೆಡ್‌ಕ್ಲರ್ಕನ್ನ ಮುಖ್ಯ ಅತಿಥಿ ಮಾಡಿದ್ದು ಯಾರು? ನೀನು!

ಸಂಜೀವಪ್ಪ: ಜ್ವರ ಅಂತ ಅವರಿಗೆ ರಜಾ ಅರ್ಜಿ ಕೊಟ್ಟಿದ್ದು ಯಾರು? ನೀನು! ಅದೂ ಎಂಥ ಜ್ವರ! 'ಎದ್ದು ನಿಲ್ಲಲಾರದಂಥ ಜ್ವರ.' ಸುಮ್ನೆ ಜ್ವರ ಅಂದಿದ್ರೆ ಸಾಕಾಗ್ತಿರಲಿಲ್ವಾ?

ಪಿಳ್ಳಪ್ಪ: ನಾಲ್ಕು ದಿನದ ರಿಹರ್ಸಲ್ಲಿಗೆ ನಾಲ್ಕು ದಿನದ ಜ್ವರ ಬೇಕಲ್ಲೋ! ಸುಮ್ನೆ ಜ್ವರ ಎರಡು ದಿನಕ್ಕೆ ಇಳಿದುಬಿಡುತ್ತೆ. ಸೋಮವಾರ ನನ್ನ ಕೆಲಸ ಕಾಯಂ ಮಾಡೋ ಕಾಗದಕ್ಕೆ ಅವರು ರುಜು ಹಾಕ್ಬೇಕು. ಇವತ್ತು ಸೀರೇಲಿ ನನ್ನ ಕಂಡ್ರೆ ಹಾಕ್ತಾರಾ?

ಸಂಜೀವಪ್ಪ: ಅದಕ್ಕೇ ಮುಖ ಕೊಡು ಅಂತಿರೋದು. ಸಾಹೇಬ್ರೇ, ಒಂದೇ ಮಾತು. ಇವನು ಯಾರಿಗೂ ಗುರುತು ಸಿಗಬಾರದು.

(ಕಲೀಮುಲ್ಲಾ ಉಪ್ಪುಕಾಗದವನ್ನು ಜೇಬಿಗೆ ಸೇರಿಸಿದ. ಅವನ ಕಣ್ಣಿನಲ್ಲಿ ಹೊಸ ಬೆಳಕು ಬಂತು.)

ಕಲೀಮುಲ್ಲಾ: ಗುರುತು ಸಿಗಬಾರದು?

ಸಂಜೀವಪ್ಪ: ಸಿಗಲೇಬಾರದು.

ಕಲೀಮುಲ್ಲಾ: ಎಷ್ಟು ದೂರದಿಂದ? ಅರ್ಧ ಮೈಲಿ?

ಸಂಜೀವಪ್ಪ: ಹತ್ತು ಅಡಿ. ಮೊದಲನೇ ಸಾಲು.

ಕಲೀಮುಲ್ಲಾ: ಹತ್ತು ಅಡಿ! ಕಷ್ಟ. ಆದ್ರೆ ಮಾಡ್ತೀನಿ. ಇವರ ಹಿಂದೆ ಏನಿರುತ್ತೆ?

ಸಂಜೀವಪ್ಪ: ಇದೇ ಪರದೆ. ಕಾಡು.

ಕಲೀಮುಲ್ಲಾ: ಕಾಡು! ಅರೇ, ಮೊದಲೇ ಹೇಳೋದಲ್ವಾ?

(ಕಲೀಮುಲ್ಲಾ ವೃತ್ತಪತ್ರಿಕೆಯ ಒಂದು ಚೂರು ಹರಿದು ಪಿಳ್ಳಪ್ಪನ ಹಣೆಗೂ ಮೂಗಿಗೂ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದ.)

ಕಲೀಮುಲ್ಲಾ: ನೋಡಿ. ಬಜ್ಜಿ ಕಟ್ಟಿದ ಕಾಗದ ಆಗ್ಹೋಯ್ತು. ಆಚೆ ಕಡೆ ಕೆರೆ ಕಾಣ್ತಿದೆ.

ಪಿಳ್ಳಪ್ಪ: ಸೆಕೆ ಕಣ್ರೀ!

ಕಲೀಮುಲ್ಲಾ: ಸೆಕೆ ಅಲ್ಲ, ಜಿಡ್ಡು. ಹಣೆ, ಮೂಗು, ಗದ್ದ, ಇದು ಬಾನೆಟ್. ಒಳಗೆ ಇಂಜಿನ್ ಎಣ್ಣೆ ಸೋರ್ತಿದೆ. ಈಗ ಕೆನ್ನೆ ನೋಡೋಣ. (ಇನ್ನೊಂದು ಚೂರು ಒತ್ತಿ) ಕಾಗದ ಹಂಗೇ ಇದೆ. ಇದು ಬಾಗಿಲು. ಬಿಸಿಲಿಗೆ ಒಣಗಿ ಹೊಟ್ಟು ಏಳ್ತಿದೆ. ಒಂದೇ ಗಾಡಿ, ಎರಡು ತಗಡು.

ಪಿಳ್ಳಪ್ಪ: ಒಂದು ಮಾತು ಹೇಳ್ರಿ. ನಂದು ಎಣ್ಣೆ ಮುಖಾನೋ, ಒಣ ಮುಖಾನೋ?

ಕಲೀಮುಲ್ಲಾ: ಎರಡೂ. ಇಂಥಾ ಗಾಡಿನೇ ಜಾಸ್ತಿ ಕೆಲಸ ಕೊಡೋದು. ಎಲ್ಲಾ ಕಡೆ ಒಂದೇ ಮದ್ದು ಹಾಕಿದ್ರೆ ಒಂದು ಕಡೆ ಬಣ್ಣ ಜಾರುತ್ತೆ, ಇನ್ನೊಂದು ಕಡೆ ಸಿಪ್ಪೆ ಏಳುತ್ತೆ. ಅದಕ್ಕೇ ಬಾನೆಟ್ಟಿಗೆ ಸೋಡಾ, ಬಾಗಿಲಿಗೆ ಎಣ್ಣೆ.

ಪಿಳ್ಳಪ್ಪ: ಸೋಡಾನಾ? ಗೋಲಿ ಸೋಡಾ?

ಕಲೀಮುಲ್ಲಾ: ಬಟ್ಟೆ ಒಗೆಯೋ ಸೋಡಾ.

ಪಿಳ್ಳಪ್ಪ: ಸಂಜೀವಪ್ಪಾ!

ಸಂಜೀವಪ್ಪ: ಸಾಹೇಬ್ರೇ, ಕಡಲೆಹಿಟ್ಟು ಆಗಲ್ವಾ? ನಮ್ಮಮ್ಮ ನಮ್ಮ ತಲೆ ಎಣ್ಣೆಯೆಲ್ಲಾ ಅದರಲ್ಲೇ ತೆಗೀತಿದ್ರು.

ಕಲೀಮುಲ್ಲಾ: (ಸ್ವಲ್ಪ ಯೋಚಿಸಿ) ನಾನೂರು ಲಾರಿಗೂ ಕಡಲೆಹಿಟ್ಟು ಹಾಕಿದ್ರೆ ದಂಡಿನಲ್ಲಿ ಯಾರಿಗೂ ಬೋಂಡಾ ಸಿಗ್ತಿರಲಿಲ್ಲ. ಇದು ಒಂದು ಮುಖ ತಾನೆ? ಆಗಲಿ.

ಸಂಜೀವಪ್ಪ: ನನ್ನ ಮುಖ ಹೆಂಗಿದೆ? ಕಾಗದ ಒತ್ತಲ್ವಾ?

(ಕಲೀಮುಲ್ಲಾ ಕಾಗದ ಒತ್ತಲಿಲ್ಲ. ಸಂಜೀವಪ್ಪನ ಕೆನ್ನೆಯ ಮೇಲೆ ಉಗುರಿನಿಂದ ಮೆಲ್ಲಗೆ ಒಂದು ಗೀರು ಎಳೆದ. ಸ್ಲೇಟಿನ ಮೇಲೆ ಬಳಪ ಎಳೆದಂತೆ ಬಿಳಿಯ ಗೆರೆ ಮೂಡಿತು.)

ಕಲೀಮುಲ್ಲಾ: ಹಳೇ ಜಟಕಾ.

ಸಂಜೀವಪ್ಪ: ರೀ, ನನ್ನದು ರಾಜನ ಪಾತ್ರ!

ಕಲೀಮುಲ್ಲಾ: ರಾಜರ ಜಟಕಾ ಅಂತಾನೇ ಇಟ್ಕೊಳ್ಳಿ. ಒಣಗಿದ ಮರ. ಹಂಗೇ ಹಚ್ಚಿದ್ರೆ ಬಣ್ಣ ಎಲ್ಲಾ ಕುಡಿದುಬಿಡುತ್ತೆ. ಮೊದಲು ಎಣ್ಣೆ ಕುಡಿಸಬೇಕು. ಕೊಬ್ಬರಿ ಎಣ್ಣೆ ಸವರಿ, ಮೇಲೆ ಒದ್ದೆ ಬಟ್ಟೆ ಮುಚ್ತೀನಿ. ಒಂದು ಗಂಟೆ ಮಲಗಿರಿ. ಕಣ್ಣು ಬಿಡಬಾರದು, ಮಾತಾಡಬಾರದು.

ಪಿಳ್ಳಪ್ಪ: ಸಂಜೀವಪ್ಪ ಒಂದು ಗಂಟೆ ಮಾತಾಡಲ್ವಾ? ಸಾಹೇಬ್ರೇ, ನೀವು ದಿನಾ ಬನ್ನಿ.

(ಸಂಜೀವಪ್ಪ ಬೆಂಚಿನ ಮೇಲೆ ಒದ್ದೆ ಬಟ್ಟೆಯ ಕೆಳಗೆ ಮಲಗಿದ. ಪಿಳ್ಳಪ್ಪನ ಹಣೆ, ಮೂಗು, ಗದ್ದಗಳಿಗೆ ಕಡಲೆಹಿಟ್ಟು ಬಿತ್ತು. ತೊಳೆದು ಮತ್ತೊಮ್ಮೆ ಬಿತ್ತು. ಅವನು ಏಳು ಸಲ ಸೀನಿದ. ಕೆನ್ನೆಗಳಿಗೆ ಎರಡೇ ತೊಟ್ಟು ಎಣ್ಣೆ ಹಾಕಿ, ತಿಕ್ಕಿ, ಹೆಚ್ಚಾದದ್ದನ್ನು ಮಲ್ಲು ಬಟ್ಟೆಯಿಂದ ಒರೆಸಿದ್ದಾಯಿತು.)

ಪಿಳ್ಳಪ್ಪ: ಇನ್ನೂ ಬಣ್ಣ ಶುರುವಾಗಿಲ್ವಾ?

ಕಲೀಮುಲ್ಲಾ: ಈಗ ಅಸ್ತರ್. ಬಣ್ಣಕ್ಕೂ ಮೈಗೂ ನಡುವೆ ಒಂದು ತೆಳು ಪದರ. ಅದು ಕಚ್ಚಿಕೊಂಡ್ರೆ ಮೇಲಿನ ಬಣ್ಣ ಅಲ್ಲಾಡಲ್ಲ. ಹೆದರಬೇಡಿ, ಎಲ್ಲಾ ನಿಮ್ಮ ನಾಟಕದ ಪೆಟ್ಟಿಗೇದೇ. ಕಣ್ಣು ಮುಚ್ಚಿ.

ಸಂಜೀವಪ್ಪ: (ಬಟ್ಟೆಯ ಕೆಳಗಿನಿಂದ) ಪಿಳ್ಳಪ್ಪ, ಸುಮ್ನೆ ಕೂತಿರೋ ಬದಲು ಮಾತು ಒಪ್ಪಿಸು. 'ಎಲೈ ಸುಂದರಿ, ಇತ್ತ ಬಾ!'

ಪಿಳ್ಳಪ್ಪ: ಬಂದೆ ಸಾರ್!

ಸಂಜೀವಪ್ಪ: ಮತ್ತೆ ಸಾರ್! 'ಬಂದೆ ಪ್ರಭು' ಕಣೋ! ನಾಲ್ಕು ದಿನದಿಂದ ಬಡ್ಕೋತಿದ್ದೀನಿ.

ಪಿಳ್ಳಪ್ಪ: ಏನ್ಮಾಡ್ಲಿ? ಆದಿನಾರಾಯಣ್ ದಿನಕ್ಕೆ ನಲವತ್ತು ಸಲ ಕರೀತಾರೆ. ನಾಲಿಗೆ ತಾನಾಗೇ ಅಂದ್ಬಿಡುತ್ತೆ. ನಿದ್ದೇಲೂ ಅಂತೀನಂತೆ, ಗೋವಿಂದಮ್ಮ ಬೈತಾಳೆ.

ಕಲೀಮುಲ್ಲಾ: ಇಬ್ಬರೂ ಬಾಯಿ ಮುಚ್ಚಿ. ಮುಖಕ್ಕೆ ಅಸ್ತರ್ ಹಾಕಬಹುದು. ನಾಲಿಗೆಗೆ ನನ್ನ ಹತ್ತಿರ ಏನೂ ಇಲ್ಲ.

(ಹಜಾರದಲ್ಲಿ ಜನ ಸೇರುವ ಸದ್ದು ಕೇಳತೊಡಗಿತು. ಕಲೀಮುಲ್ಲಾ ಪೆಟ್ಟಿಗೆಯಲ್ಲಿದ್ದ ರಾಕ್ಷಸನ ವೇಷದ ಹಸಿರನ್ನು ಪಿಳ್ಳಪ್ಪನ ಮುಖಕ್ಕೂ ಕೈಗಳಿಗೂ ಬಳಿದು ಪೂರ್ತಿ ಮುಗಿಸಿದ. ಬಾಗಿಲಿನ ತೋರಣದಿಂದ ನಾಲ್ಕು ಮಾವಿನ ಎಲೆ ಕಿತ್ತು, ಪಿಳ್ಳಪ್ಪ ತೊಟ್ಟಿದ್ದ ಹೆಣ್ಣುಗೂದಲಿನ ಟೋಪನ್ನಿಗೆ ಸಿಕ್ಕಿಸಿದ.)

ಕಲೀಮುಲ್ಲಾ: ಮುಗೀತು. ಪರದೆಯ ಹತ್ತಿರ ಹೋಗಿ ನಿಲ್ಲಿ. ಕೈ ಚಾಚಿ, ಒಣಗಲಿ. ರಾಜ ಸಾಬ್, ನೀವೂ ಏಳಿ.

ಸಂಜೀವಪ್ಪ: (ಬಟ್ಟೆ ತೆಗೆದು, ಕಣ್ಣುಜ್ಜಿಕೊಂಡು) ಪಿಳ್ಳಪ್ಪ ಎಲ್ಲಿ ಹೋದ?

ಪಿಳ್ಳಪ್ಪ: ಇಲ್ಲೇ ಇದ್ದೀನಲ್ಲೋ.

ಸಂಜೀವಪ್ಪ: ಎಲ್ಲಿ?

ಪಿಳ್ಳಪ್ಪ: ನಿನ್ನ ಮುಂದೆ! ಅಯ್ಯೋ, ಅದು ಕಣ್ಣು! ಬೆರಳು ತೆಗಿ!

ಸಂಜೀವಪ್ಪ: ಸಾಹೇಬ್ರೇ! ರಾಜಕುಮಾರಿ ಕೇಳಿದ್ರೆ ಪೊದೆ ಕೊಟ್ಟಿದ್ದೀರಲ್ರೀ!

ಕಲೀಮುಲ್ಲಾ: ಗುರುತು ಸಿಗಬಾರದು ಅಂದಿದ್ದು ನೀವು.

ಸಂಜೀವಪ್ಪ: ಪಿಳ್ಳಪ್ಪ ಅಂತ ಸಿಗಬಾರದು ಅಂದೆ. ಮನುಷ್ಯ ಅಂತ ಸಿಗಬೇಕು!

ಕಲೀಮುಲ್ಲಾ: ಬಿಡಿಸಿ ಹೇಳಬೇಕಿತ್ತು ಸಾಬ್. 'ಲಾರಿ ಅಂತ ಗೊತ್ತಾಗಲಿ, ಯಾವ ಲಾರಿ ಅಂತ ಗೊತ್ತಾಗದಿರಲಿ' ಅಂತ ಮಿಲಿಟರಿಯೋರು ಯಾವತ್ತೂ ಅಂದಿಲ್ಲ.

ಪಿಳ್ಳಪ್ಪ: ಏನಾಗಿದ್ಯೋ ನನ್ನ ಮುಖಕ್ಕೆ? ಕನ್ನಡಿ ಹಿಡಿ. (ನೋಡಿ) ನೆಟ್ಟಗೆ ಹಿಡಿಯೋ, ಬರೀ ಪರದೆ ಕಾಣ್ತಿದೆ.

ಸಂಜೀವಪ್ಪ: ನೆಟ್ಟಗೇ ಹಿಡಿದಿದ್ದೀನಿ. ಅದು ನೀನೇ.

ಪಿಳ್ಳಪ್ಪ: ಅಯ್ಯಯ್ಯೋ! ತೊಳೀರಿ! ಈಗಲೇ ತೊಳೀರಿ!

ಕಲೀಮುಲ್ಲಾ: ಎಲ್ಲಾಗುತ್ತೆ? ಎರಡು ಗಂಟೆ ಕೂತು ಮೈ ಹದ ಮಾಡಿದ್ದೀನಿ. ಅಸ್ತರ್ ಕಚ್ಚಿಕೊಂಡಿದೆ. ಮಳೇಲಿ ನಿಂತ್ರೂ ಹೋಗಲ್ಲ.

(ಹೊರಗೆ ಮೆಟ್ಟಿಲಿನ ಮೇಲೆ ಜೋಡಿನ ಸದ್ದು. ಪೇಟ ಸುತ್ತಿ, ಕೊಡೆ ಹಿಡಿದ ಹೆಡ್‌ಕ್ಲರ್ಕ್ ಆದಿನಾರಾಯಣ್ ಒಳಗೆ ಬಂದರು. ಪಿಳ್ಳಪ್ಪ ಕೈ ಚಾಚಿಕೊಂಡೇ ಉಸಿರು ಬಿಗಿಹಿಡಿದ.)

ಆದಿನಾರಾಯಣ್: ಏನಪ್ಪಾ ಸಂಜೀವಪ್ಪ, ಮುಖ ಯಾಕೆ ಹಂಗೆ ಹೊಳೀತಿದೆ?

ಸಂಜೀವಪ್ಪ: ಕುಡಿಸಿದ್ದಾರೆ ಸಾರ್.

ಆದಿನಾರಾಯಣ್: ಕುಡಿಸಿದ್ದಾರಾ? ಶಾಲೇಲಿ?

ಸಂಜೀವಪ್ಪ: ಎಣ್ಣೆ ಸಾರ್! ಮುಖಕ್ಕೆ! ಕೊಬ್ಬರಿ ಎಣ್ಣೆ!

(ಆದಿನಾರಾಯಣ್ ಒಂದು ನಿಟ್ಟುಸಿರು ಬಿಟ್ಟು, ಕೊಡೆಯನ್ನು ಪಕ್ಕದ ಕೊಂಬೆಗೆ ನೇತುಹಾಕಿದರು. ಅದು ಪಿಳ್ಳಪ್ಪನ ಬಲಗೈ.)

ಆದಿನಾರಾಯಣ್: ನೋಡಪ್ಪ, ನನ್ನ ಭಾಷಣ ಕೈಬಿಟ್ಟುಬಿಡು. ನನ್ನ ಭಾಷಣ ಎಲ್ಲಾ ಬರೆದುಕೊಡೋನು ನಮ್ಮ ಪಿಳ್ಳಪ್ಪ. ಅವನಿಗೆ ಎದ್ದು ನಿಲ್ಲೋಕಾಗದ ಜ್ವರ, ಪಾಪ. ನಾನೇ ಬರೆಯೋಣ ಅಂತ ಬೆಳಿಗ್ಗೆಯಿಂದ ಕೂತಿದ್ದೀನಿ. 'ಮಹನೀಯರೇ' ಅಂತ ಬರೆದೆ. ಆಮೇಲೆ ಏನೂ ಬರ್ತಿಲ್ಲ.

ಸಂಜೀವಪ್ಪ: ಆಹ್ವಾನ ಪತ್ರಿಕೇಲಿ ನಿಮ್ಮ ಭಾಷಣ ಅಂತ ಅಚ್ಚಾಗಿಬಿಟ್ಟಿದೆ ಸಾರ್. ಎರಡು ಮಾತು ಆಡಲೇಬೇಕು.

ಆದಿನಾರಾಯಣ್: ಮೊದಲನೇ ಸಾಲಲ್ಲಿ ನಮ್ಮಾಕೆ ಗಂಗಲಕ್ಷ್ಮಮ್ಮ ಕೂತಿದ್ದಾಳಪ್ಪ! ಹೋದ ಸಲ ನಾನು ತಡವರಿಸಿದ್ದನ್ನ ವರ್ಷ ಪೂರ್ತಿ ಆಡಿ ತೋರಿಸಿದ್ಳು. ಸರಿ, ಇನ್ನೊಂದು ಸಲ ನೋಡ್ತೀನಿ. (ಜೇಬಿನಿಂದ ಕಾಗದ ತೆಗೆದು) 'ಮಹನೀಯರೇ...' ಮಹನೀಯರೇ, ಆಮೇಲೆ? ಥೂ! ಪಿಳ್ಳಪ್ಪಾ!

ಕಾಡು: ಬಂದೆ ಸಾರ್!

(ಕೊಡೆ ಕೆಳಗೆ ಬಿತ್ತು.)

ಆದಿನಾರಾಯಣ್: ಪಿಳ್ಳಪ್ಪ?

ಕಾಡು: ಇಲ್ಲ ಸಾರ್. ನಾನು ರಜೆಯಲ್ಲಿದ್ದೀನಿ ಸಾರ್.

(ಆದಿನಾರಾಯಣ್ ಪರದೆಯ ಮರಗಳನ್ನು ಒಂದೊಂದಾಗಿ ಮುಟ್ಟುತ್ತಾ ಬಂದರು. ನಾಲ್ಕನೆಯ ಮರಕ್ಕೆ ಮೂಗಿತ್ತು.)

ಆದಿನಾರಾಯಣ್: ಎದ್ದು ನಿಲ್ಲಲಾರದಂಥ ಜ್ವರ ಅಂತ ನೀನು ಬರೆದಿದ್ದೆ.

ಪಿಳ್ಳಪ್ಪ: ನಾನು ನಿಂತಿಲ್ಲ ಸಾರ್. ಅಸ್ತರ್ ಹಿಡ್ಕೊಂಡಿದೆ.

ಆದಿನಾರಾಯಣ್: (ಹಣೆ ಮುಟ್ಟಿ) ಜ್ವರಾನೂ ಇಲ್ಲ, ಬೆವರೂ ಇಲ್ಲ.

ಕಲೀಮುಲ್ಲಾ: ಬೆವರು ಹೆಂಗೆ ಕಾಣುತ್ತೆ ಸಾಬ್? ಬಾನೆಟ್ಟಿಗೆ ಎರಡು ಸಲ ಕಡಲೆಹಿಟ್ಟು ಹಾಕಿದ್ದೀನಿ.

(ಹಜಾರದಲ್ಲಿ ಮೊದಲ ಗಂಟೆ ಹೊಡೆಯಿತು. ಆದಿನಾರಾಯಣ್ ಕೈಯಲ್ಲಿದ್ದ ಖಾಲಿ ಕಾಗದವನ್ನು ನೋಡಿದರು. ಪೊದೆಯನ್ನು ನೋಡಿದರು. ಮತ್ತೆ ಕಾಗದವನ್ನು ನೋಡಿದರು.)

ಆದಿನಾರಾಯಣ್: ಸಂಜೀವಪ್ಪ, ನಾನು ಭಾಷಣ ಮಾಡುವಾಗ ಈ ಪರದೆ ಎಲ್ಲಿರುತ್ತೆ?

ಸಂಜೀವಪ್ಪ: ನಿಮ್ಮ ಬೆನ್ನ ಹಿಂದೇನೇ ಸಾರ್.

ಆದಿನಾರಾಯಣ್: ಅದರ ಮುಂದೆ ಇವನು ನಿಂತ್ರೆ ನಮ್ಮ ಗಂಗಲಕ್ಷ್ಮಮ್ಮನಿಗೆ ಕಾಣ್ತಾನಾ?

ಕಲೀಮುಲ್ಲಾ: ಅವರು ಬಿಡಿ ಸಾಬ್, ಜಪಾನಿನೋರು ಬಂದ್ರೂ ಕಾಣಲ್ಲ.

ಆದಿನಾರಾಯಣ್: ಪಿಳ್ಳಪ್ಪ, 'ಮಹನೀಯರೇ' ನಾನು ಅಂತೀನಿ. ಆಮೇಲಿಂದು ನೀನು ಹಿಂದಿನಿಂದ ಮೆಲ್ಲಗೆ ಹೇಳ್ಕೊಡು.

ಸಂಜೀವಪ್ಪ: ಸಾರ್, ಆಮೇಲೆ ನನ್ನ ರಾಜಕುಮಾರಿ?

ಆದಿನಾರಾಯಣ್: ಕಾಡಲ್ಲಿ ಕಳೆದುಹೋದೋಳು ತಾನೆ? ಹುಡುಕು.

ಪಿಳ್ಳಪ್ಪ: ಸಾರ್... ಸೋಮವಾರದ ಕಾಗದ? ನೀವು ಇವತ್ತು ನನ್ನನ್ನ ಇಲ್ಲಿ ನೋಡಿಬಿಟ್ರಲ್ಲ...

(ಆದಿನಾರಾಯಣ್ ಬಗ್ಗಿ ಕೊಡೆಯನ್ನು ಎತ್ತಿ, ಅದೇ ಕೊಂಬೆಗೆ ಮತ್ತೆ ನೇತುಹಾಕಿದರು.)

ಆದಿನಾರಾಯಣ್: ಯಾರನ್ನ? ಸಂಜೀವಪ್ಪ, ಇಲ್ಲಿ ಯಾರಾದ್ರೂ ಕಾಣ್ತಿದ್ದಾರೇನಪ್ಪ ನಿನಗೆ?